ಪಕ್ಕೆಯ ನೀರು, ಮುಚ್ಚಿದ ಗರ್ಭನಾಳ: ಜನನಾಂಗ ಕ್ಷಯದ ಒಂದು ಪ್ರಕರಣ ಅಧ್ಯಯನ

ಇಲ್ಲಿ ಪವಿತ್ರ ಎಂದು ಕರೆದಿರುವ ಹೆಣ್ಣುಮಗಳ ನಿಜವಾದ ಹೆಸರು, ಊರು ಮತ್ತು ಗುರುತು ಹಿಡಿಯಬಹುದಾದ ಕೆಲವು ವಿವರಗಳನ್ನು ಆಕೆಯ ಒಪ್ಪಿಗೆಯೊಂದಿಗೆ ಬದಲಿಸಲಾಗಿದೆ. ಚಿಕಿತ್ಸೆ ನಡೆದ ಆಸ್ಪತ್ರೆಗಳ ಹೆಸರನ್ನೂ ಬಿಡಲಾಗಿದೆ. ರೋಗದ ಗತಿ, ಪರೀಕ್ಷೆಗಳ ಫಲಿತಾಂಶ ಮತ್ತು ನಿರ್ಧಾರಗಳು ಒಂದರ ಹಿಂದೆ ಒಂದು ಬಂದ ಕ್ರಮ ಮಾತ್ರ ನಡೆದಂತೆಯೇ ಇವೆ.

ಹಿನ್ನೆಲೆ

ಪವಿತ್ರ ಅವರಿಗೆ ಆಗ 27 ವರ್ಷ. ಮಂಡ್ಯ ಜಿಲ್ಲೆಯಲ್ಲಿ ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಹಳ್ಳಿಯೊಂದಕ್ಕೆ ಸೊಸೆಯಾಗಿ ಬಂದು ನಾಲ್ಕು ವರ್ಷ ಕಳೆದಿತ್ತು. ಗಂಡನಿಗೆ ಎರಡು ಎಕರೆ ಕಬ್ಬಿನ ಗದ್ದೆ. ಆಕೆ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ದುಡಿಯುವವರು. ಮನೆಯಲ್ಲಿ ಅತ್ತೆ, ಮೈದುನ, ಓರಗಿತ್ತಿ ಮತ್ತು ಓರಗಿತ್ತಿಯ ಎಳೆಗೂಸು. ತನಗಿಂತ ಎರಡು ವರ್ಷ ತಡವಾಗಿ ಆ ಮನೆಗೆ ಬಂದವಳ ಮಡಿಲು ಮೊದಲು ತುಂಬಿದಾಗ ಹಿರಿಯ ಸೊಸೆಯ ಮೇಲೆ ಬಿದ್ದ ಒತ್ತಡ ಎಂಥದೆಂದು ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ.

ಮೊದಲ ವರ್ಷ ಹರಕೆಯಲ್ಲಿ, ನಾಟಿ ಔಷಧಿಯಲ್ಲಿ ಕಳೆಯಿತು. ಆಮೇಲೆ ಪಟ್ಟಣದ ಖಾಸಗಿ ಕ್ಲಿನಿಕ್ಕೊಂದರಲ್ಲಿ ಅಂಡಾಣು ಬೆಳೆಯಲೆಂದು ಮಾತ್ರೆ ಬರೆದುಕೊಟ್ಟರು; ಆರು ತಿಂಗಳು ನುಂಗಿದರೂ ಫಲ ಕಾಣಲಿಲ್ಲ. ಅಷ್ಟೂ ಕಾಲ ಗರ್ಭನಾಳಗಳು ತೆರೆದಿವೆಯೇ ಎಂದು ಯಾರೂ ನೋಡಿರಲಿಲ್ಲ, ಗಂಡನ ವೀರ್ಯ ಪರೀಕ್ಷೆಯೂ ಆಗಿರಲಿಲ್ಲ. ಇದೇ ಅವಧಿಯಲ್ಲಿ ಆಕೆಯ ಮುಟ್ಟಿನ ಸ್ರಾವ ಇಳಿಯುತ್ತ ಬಂದಿತ್ತು. ನಾಲ್ಕು ದಿನ ಹೋಗುತ್ತಿದ್ದದ್ದು ಒಂದೂವರೆ ದಿನಕ್ಕೆ ನಿಂತುಬಿಡುತ್ತಿತ್ತು. ಮಾತ್ರೆಯ ಉಷ್ಣಕ್ಕೆ ಹೀಗಾಗಿರಬೇಕೆಂದು ಆಕೆಯೇ ತೀರ್ಮಾನಿಸಿಕೊಂಡು ಯಾರಿಗೂ ಹೇಳಿರಲಿಲ್ಲ. ಜ್ವರ, ಕೆಮ್ಮು, ಬೆವರು ಯಾವುದೂ ಇರಲಿಲ್ಲ. ತೂಕ 41 ಕಿಲೋ. ಅದು ಮೊದಲಿನಿಂದಲೂ ಅಷ್ಟೇ ಎಂದರು.

ನಮ್ಮ ಬಳಿ ಬಂದಾಗ ಆಕೆಯ ಕೈಯಲ್ಲಿದ್ದ ಫೈಲಿನಲ್ಲಿ ಮೂರು ವರದಿಗಳಿದ್ದವು. ಗರ್ಭಕೋಶಕ್ಕೆ ದ್ರವ ಹಾಯಿಸಿ ಎಕ್ಸ್‌ರೇ ತೆಗೆಯುವ ಎಚ್‌ಎಸ್‌ಜಿ ಪರೀಕ್ಷೆಯಲ್ಲಿ ಎರಡೂ ಗರ್ಭನಾಳಗಳು ಮುಚ್ಚಿದ್ದವು. ಅಲ್ಲಲ್ಲಿ ಉಬ್ಬಿ, ಅಲ್ಲಲ್ಲಿ ಕಿರಿದಾಗಿ ಕಾಣುತ್ತಿದ್ದವು. ಜನರು ಟಿಬಿ ಗೋಲ್ಡ್ ಎಂದು ಕರೆಯುವ ರಕ್ತಪರೀಕ್ಷೆ ಪಾಸಿಟಿವ್ ಆಗಿತ್ತು. ಗರ್ಭಕೋಶದ ಒಳಪೊರೆಯ ತುಣುಕಿನ ಮೇಲೆ ಮಾಡಿದ, ರೋಗಾಣುವಿನ ಡಿಎನ್ಎ ಹುಡುಕುವ ಪಿಸಿಆರ್ ಪರೀಕ್ಷೆಯೂ ಪಾಸಿಟಿವ್ ಆಗಿತ್ತು. ಅವುಗಳ ಜೊತೆಗೆ ಆರು ತಿಂಗಳ ಕ್ಷಯದ ಮಾತ್ರೆಗೆ ಬರೆದ ಚೀಟಿ ಇತ್ತು. ಅದನ್ನು ಔಷಧಿ ಅಂಗಡಿಗೆ ಒಯ್ಯುವ ಮೊದಲು, ಸರ್ಕಾರಿ ಆಸ್ಪತ್ರೆಯಲ್ಲಿ ಇದೇ ಮಾತ್ರೆ ಪುಕ್ಕಟೆ ಸಿಗುತ್ತದೆಂದು ಆಶಾ ಕಾರ್ಯಕರ್ತೆ ಹೇಳಿದ್ದರಿಂದ ಅವರು ನಮ್ಮಲ್ಲಿಗೆ ಬಂದಿದ್ದರು. ಅಂದರೆ ಅವರು ರೋಗ ಪತ್ತೆ ಮಾಡಿಸಿಕೊಳ್ಳಲು ಬಂದವರಲ್ಲ, ಮಾತ್ರೆ ಪಡೆಯಲು ಬಂದವರು.

ಮಾತ್ರೆ ಕೊಡಬೇಕೇ, ಕಾಯಬೇಕೇ

ಹೆಣ್ಣಿನ ಜನನಾಂಗಕ್ಕೆ ಬರುವ ಕ್ಷಯ ಬಹುತೇಕ ಬೇರೆಡೆಯಿಂದ, ಮುಖ್ಯವಾಗಿ ಶ್ವಾಸಕೋಶದಿಂದ, ರಕ್ತದ ಮೂಲಕ ಬಂದು ನೆಲೆಸುವಂಥದು. ಮೊದಲ ಸೋಂಕಿನ ಕಾಲದಲ್ಲಿ ಬಂದು ಸೇರಿದ ರೋಗಾಣು ವರ್ಷಗಟ್ಟಲೆ ಸುಮ್ಮನಿದ್ದು ಆಮೇಲೆ ತಲೆಯೆತ್ತಬಹುದು. ಹೆಚ್ಚುಕಡಿಮೆ ಎಲ್ಲ ಪ್ರಕರಣಗಳಲ್ಲೂ ಮೊದಲು ಪೆಟ್ಟು ತಿನ್ನುವುದು ಗರ್ಭನಾಳಗಳು. ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಗರ್ಭಕೋಶದ ಒಳಪೊರೆಗೂ ರೋಗ ಹರಡಿರುತ್ತದೆ. ನೋವಿಲ್ಲದೆ, ಜ್ವರವಿಲ್ಲದೆ ನಡೆಯುವ ಈ ಹಾನಿ ಅನೇಕರಲ್ಲಿ ಬೆಳಕಿಗೆ ಬರುವುದು ಮಕ್ಕಳಾಗಲಿಲ್ಲವೆಂದು ಪರೀಕ್ಷೆಗೆ ಬಂದಾಗಲೇ.

ತೊಡಕಿರುವುದು ರೋಗವನ್ನು ಖಚಿತಪಡಿಸುವುದರಲ್ಲಿ. ಟಿಬಿ ಗೋಲ್ಡ್ ಪರೀಕ್ಷೆ, ದೇಹಕ್ಕೆ ಎಂದೋ ಈ ರೋಗಾಣುವಿನ ಪರಿಚಯವಾಗಿದೆ ಎಂಬುದನ್ನಷ್ಟೇ ಹೇಳುತ್ತದೆ; ಈಗ ರೋಗವಿದೆಯೇ ಎಂಬುದನ್ನು ಹೇಳುವುದಿಲ್ಲ. ನಮ್ಮ ದೇಶದಲ್ಲಿ ವಯಸ್ಕರ ಪೈಕಿ ಸುಮಾರು ಮೂರನೇ ಒಂದು ಭಾಗದ ಜನರ ಮೈಯಲ್ಲಿ ಸೋಂಕು ಸುಪ್ತವಾಗಿದೆ ಎಂಬುದನ್ನು ನೆನೆದರೆ, ಆ ಪಾಸಿಟಿವ್‌ಗೆ ಎಷ್ಟು ತೂಕ ಕೊಡಬೇಕೆಂಬುದು ತಿಳಿಯುತ್ತದೆ. ಪಿಸಿಆರ್ ಅದಕ್ಕಿಂತ ಮೇಲು, ಆದರೆ ಸತ್ತ ರೋಗಾಣುವಿನ ಚೂರಿಗೂ, ಪ್ರಯೋಗಾಲಯದ ಸಣ್ಣ ಕಲಬೆರಕೆಗೂ ಅದು ಪಾಸಿಟಿವ್ ಎನ್ನಬಲ್ಲದು. ಆದ್ದರಿಂದ ಪಿಸಿಆರ್ ಒಂದನ್ನೇ ಹಿಡಿದು ಕ್ಷಯದ ಚಿಕಿತ್ಸೆ ಆರಂಭಿಸಬಾರದೆಂಬುದು ಶ್ವಾಸಕೋಶದಾಚೆಯ ಕ್ಷಯಕ್ಕಾಗಿ 2016ರಲ್ಲಿ ಬಂದ ಭಾರತೀಯ ಮಾರ್ಗಸೂಚಿಯ ನಿಲುವು.

ಆದರೆ ಈ ಪ್ರಕರಣದಲ್ಲಿ ಎಚ್‌ಎಸ್‌ಜಿ ಚಿತ್ರವೂ ಅನುಮಾನಾಸ್ಪದವಾಗಿತ್ತು, ಮುಟ್ಟೂ ಕಡಿಮೆಯಾಗಿತ್ತು. ನಮ್ಮ ತಂಡದಲ್ಲೇ ಒಬ್ಬರು, ಇಷ್ಟು ಸುಳಿವುಗಳಿರುವಾಗ ಮಾತ್ರೆ ಕೊಟ್ಟುಬಿಡುವುದೇ ಲೇಸು ಎಂದರು. ಆ ವಾದವನ್ನು ತಳ್ಳಿಹಾಕುವಂತಿರಲಿಲ್ಲ. ಈ ರೋಗದಲ್ಲಿ ರೋಗಾಣುಗಳ ಸಂಖ್ಯೆ ತೀರಾ ಕಡಿಮೆಯಿರುವುದರಿಂದ ಎಷ್ಟೋ ಸಲ ಎಲ್ಲ ಪರೀಕ್ಷೆಗಳೂ ನೆಗೆಟಿವ್ ಬಂದು ನಿಜವಾದ ರೋಗಿಯೇ ಕೈತಪ್ಪಿ ಹೋಗುವುದುಂಟು. ಮತ್ತೊಬ್ಬರ ವಾದ ಹೀಗಿತ್ತು: ಕುರುಡಾಗಿ ಮಾತ್ರೆ ಆರಂಭಿಸಿದರೆ ಆಮೇಲೆ ಯಾವ ತುಣುಕಿನಲ್ಲೂ ರೋಗಾಣು ಸಿಗುವುದಿಲ್ಲ, ಔಷಧಿ ನಾಟುತ್ತಿದೆಯೇ ಎಂದು ತಿಳಿಯುವ ದಾರಿಯೂ ಮುಚ್ಚುತ್ತದೆ. ‘ನೋಡೋಣ’ ಎಂದು ಆರು ತಿಂಗಳು ಕ್ಷಯದ ಔಷಧಿ ಕೊಡುವ ರೂಢಿ ಬಂಜೆತನದ ಚಿಕಿತ್ಸೆಯಲ್ಲಿ ಬೇರೂರಿಬಿಟ್ಟಿದೆ, ಮತ್ತು ಅದರ ಬೆಲೆಯನ್ನು ಯಕೃತ್ತು ತೆರುತ್ತದೆ ಎಂಬುದು ಈ ಲೇಖಕರ ಅಭಿಪ್ರಾಯ.

ಹಳೆಯ ಕ್ಲಿನಿಕ್ಕಿನಲ್ಲಿ ತೆಗೆದ ತುಣುಕನ್ನೇ, ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್‌ಗೆ ಕಳಿಸಬಹುದೇ ಎಂದು ವಿಚಾರಿಸಿದೆವು. ಪಿಸಿಆರ್‌ಗೆಂದು ತೆಗೆದಿಟ್ಟ ಚೂರನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಅಂಗಾಂಶ ಕೆಡದಂತೆ ಇಡುವ ಫಾರ್ಮಲಿನ್‌ನಲ್ಲಿ ಹಾಕಿದ್ದರು. ಫಾರ್ಮಲಿನ್‌ನಲ್ಲಿ ರೋಗಾಣು ಸಾಯುತ್ತದೆ. ಸತ್ತದ್ದನ್ನು ಬೆಳೆಸುವುದು ಸಾಧ್ಯವಿಲ್ಲ.

ಒಬ್ಬರೇ ಇದ್ದಾಗ ಕೇಳಿದ ಪ್ರಶ್ನೆ

ಹಿಂದೆ ಎಂದಾದರೂ ಟಿಬಿ ಬಂದಿತ್ತೇ ಎಂದು ಮೊದಲ ಭೇಟಿಯಲ್ಲೇ ಕೇಳಲಾಗಿತ್ತು. ಪಕ್ಕದಲ್ಲಿ ಅತ್ತೆ ಕುಳಿತಿದ್ದರು. ಇಲ್ಲವೆಂಬ ಉತ್ತರ ಬಂತು. ಹಳೆಯ ಕ್ಲಿನಿಕ್ಕಿನ ಚೀಟಿಯಲ್ಲೂ ‘ಇಲ್ಲ’ ಎಂದೇ ಬರೆದಿತ್ತು. ಎರಡನೆಯ ಭೇಟಿಯಲ್ಲಿ ತೂಕ, ಬಿಪಿ ನೋಡಲು ಒಳಕ್ಕೆ ಕರೆದೊಯ್ದ ಹಿರಿಯ ಶುಶ್ರೂಷಕಿ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಕೇಳಿದರು. ರೋಗದ ಹೆಸರನ್ನೆತ್ತಲಿಲ್ಲ. ಚಿಕ್ಕವಳಿದ್ದಾಗ ಕತ್ತಿನಲ್ಲಿ ಗಡ್ಡೆ ಎದ್ದಿತ್ತೇ, ಪಕ್ಕೆಯಲ್ಲಿ ನೀರು ತುಂಬಿತ್ತೇ, ತಿಂಗಳುಗಟ್ಟಲೆ ಯಾವುದಾದರೂ ಮಾತ್ರೆ ತಿಂದು ಮೂತ್ರ ಕೆಂಪಗೆ ಹೋಗಿದ್ದುಂಟೇ ಎಂದು ಕೇಳಿದರು. ಪವಿತ್ರ ಸ್ವಲ್ಪ ಹೊತ್ತು ಬಾಗಿಲ ಕಡೆ ನೋಡಿ, ‘ಯಾರ್ತಾವೂ ಹೇಳ್ಕೂಡ್ದು ಅಂತ ನಮ್ಮವ್ವ ಹೇಳಿತ್ತು ಸಿಸ್ಟರ್’ ಎಂದರು.

ಹದಿನೇಳನೆಯ ವಯಸ್ಸಿನಲ್ಲಿ ಬಲ ಪಕ್ಕೆಯಲ್ಲಿ ನೀರು ತುಂಬಿ ಅದನ್ನು ಸೂಜಿಯಿಂದ ತೆಗೆಸಿದ್ದರು. ಆರು ತಿಂಗಳಿಗೆ ಮಾತ್ರೆ ಕೊಟ್ಟಿದ್ದರು. ಮೂರು ತಿಂಗಳಿಗೆ ಉಸಿರಾಟ ಸಲೀಸಾಯಿತು, ಮೈಕೈ ತುಂಬಿಕೊಂಡಿತು, ಮಾತ್ರೆ ನಿಂತುಹೋಯಿತು. ಮುಂದೆ ಹೆಣ್ಣು ನೋಡಲು ಬರುವವರಿಗೆ ಗೊತ್ತಾಗಬಾರದೆಂದು ಹಳೆಯ ಚೀಟಿಗಳನ್ನೆಲ್ಲ ತಾಯಿ ಒಲೆಗೆ ಹಾಕಿದ್ದರು. ಈ ಭಾಗದ ಹಿರಿಯರ ಮನಸ್ಸಿನಲ್ಲಿ ಕ್ಷಯವೆಂದರೆ ಇಂದಿಗೂ ಮೈಸೂರಿನ ಕೆ.ಆರ್.ಎಸ್. ರಸ್ತೆಯಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿರುವ ಸ್ಯಾನಿಟೋರಿಯಂ, ಅಲ್ಲಿಗೆ ಹೋದವರು ಮರಳಿ ಬಾರದಿದ್ದ ಕಾಲ. ಆ ತಾಯಿಯ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ, ಆದರೆ ಸಂಬಂಧ ಕುದುರುವ ಹೊತ್ತಿನಲ್ಲಿ ಇಂಥ ಮಾತು ಹೊರಬಿದ್ದರೆ ಏನಾಗುತ್ತದೆಂಬ ಆಕೆಯ ಲೆಕ್ಕವೇನೂ ತಪ್ಪಾಗಿರಲಿಲ್ಲ.

ಈ ಒಂದು ಸಂಗತಿಯಿಂದ ಎರಡು ವಿಷಯಗಳು ಬದಲಾದವು. ರೋಗ ಇದ್ದಿರಬಹುದೆಂಬ ಸಂಭವ ಬಹಳ ಹೆಚ್ಚಿತು. ಜೊತೆಗೆ, ಅರ್ಧಕ್ಕೆ ಬಿಟ್ಟ ಚಿಕಿತ್ಸೆಯಿಂದ ಔಷಧಿಗೆ ಬಗ್ಗದ ರೋಗಾಣು ಉಳಿದುಕೊಂಡಿರಬಹುದೆಂಬ ಪ್ರಶ್ನೆ ಎದ್ದಿತು. ಹಾಗಿದ್ದಲ್ಲಿ ಸಾಮಾನ್ಯ ಮಾತ್ರೆಗಳು ಆರು ತಿಂಗಳನ್ನು ವ್ಯರ್ಥಮಾಡುವ ಸಾಧ್ಯತೆಯಿತ್ತು. ಕೂಡಲೇ ಮಾತ್ರೆ ಕೊಡೋಣ ಎಂದಿದ್ದ ಸಹೋದ್ಯೋಗಿಯೇ ಈಗ ತುಣುಕು ಬೇಕೇ ಬೇಕು ಎಂದರು. ಸಣ್ಣ ರಂಧ್ರದಿಂದ ಕ್ಯಾಮೆರಾ ಹಾಯಿಸಿ ಹೊಟ್ಟೆಯೊಳಗೆ ನೋಡುವ ಉದರದರ್ಶಕದ, ಅಂದರೆ ಲ್ಯಾಪರೊಸ್ಕೋಪಿಯ, ತೀರ್ಮಾನವಾಯಿತು.

ಇದನ್ನು ಮನೆಯವರಿಗೆ ಒಪ್ಪಿಸುವುದು ಸುಲಭವಾಗಲಿಲ್ಲ. ಮಾತ್ರೆ ಕೇಳಲು ಬಂದವರಿಗೆ ಆಪರೇಷನ್ ಹೇಳಿದರೆ ಅನುಮಾನ ಬರುವುದು ಸಹಜ. ಅದು ಕಬ್ಬು ಕಟಾವಿನ ಸಮಯ; ಆಳು ಸಿಕ್ಕಾಗ ಗದ್ದೆ ಬಿಟ್ಟು ಬರುವಂತಿರಲಿಲ್ಲ. ಒಳಪೊರೆಯ ತುಣುಕನ್ನು ಮುಟ್ಟಿಗೆ ಮುಂಚಿನ ದಿನಗಳಲ್ಲಿ ತೆಗೆದರೆ ಮಾತ್ರ ರೋಗದ ಗುರುತು ಸಿಗುವ ಸಂಭವ ಹೆಚ್ಚು ಎಂಬ ಕಾರಣಕ್ಕೆ ದಿನವನ್ನು ನಮ್ಮ ಅನುಕೂಲಕ್ಕಾಗಲಿ ಅವರ ಅನುಕೂಲಕ್ಕಾಗಲಿ ಇಟ್ಟುಕೊಳ್ಳುವಂತಿರಲಿಲ್ಲ. ಕಾಯುವ ಹೊತ್ತಿನಲ್ಲಿ ಗಂಡನ ವೀರ್ಯ ಪರೀಕ್ಷೆ ಆಗಲೇಬೇಕೆಂದು ಷರತ್ತು ಹಾಕಿದೆವು. ಆತ ಎರಡು ಸಲ ತಪ್ಪಿಸಿಕೊಂಡು ಮೂರನೆಯ ಸಲ ಬಂದರು. ವರದಿ ಸರಿಯಾಗಿತ್ತು.

ಉದರದೊಳಗೆ ಕಂಡದ್ದು

ಲ್ಯಾಪರೊಸ್ಕೋಪಿಯಲ್ಲಿ ಗರ್ಭನಾಳಗಳು, ಅಂಡಾಶಯ ಮತ್ತು ಕರುಳಿನ ಭಾಗಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಗರ್ಭಕೋಶದ ಮೇಲ್ಮೈಯಲ್ಲೂ ಹೊಟ್ಟೆಯ ಒಳಪದರದಲ್ಲೂ ರಾಗಿ ಕಾಳಿನಂಥ ಬಿಳಿಯ ಗಂಟುಗಳು ಚೆಲ್ಲಿದ್ದವು. ಬಲಗಡೆಯ ಗರ್ಭನಾಳ ನೀರು ತುಂಬಿ ಊದಿಕೊಂಡಿತ್ತು. ಅಂಟುಗಳನ್ನು ಬಿಡಿಸುವ ಗೋಜಿಗೆ ಹೋಗಲಿಲ್ಲ, ಏಕೆಂದರೆ ರೋಗ ಚುರುಕಾಗಿರುವಾಗ ಹಾಗೆ ಮಾಡಿದರೆ ಕರುಳಿಗೆ ಪೆಟ್ಟಾಗುವ ಅಪಾಯವಿದೆ. ಗಂಟುಗಳಿಂದ ತುಣುಕು ತೆಗೆದು, ಒಳಪೊರೆಯ ಮಾದರಿಯನ್ನೂ ಸೇರಿಸಿ, ಅರ್ಧವನ್ನು ಫಾರ್ಮಲಿನ್‌ನಲ್ಲಿ ಸೂಕ್ಷ್ಮದರ್ಶಕ ಪರೀಕ್ಷೆಗೂ ಉಳಿದರ್ಧವನ್ನು ಸಲೈನ್‌ನಲ್ಲಿ ರೋಗಾಣುವಿನ ಡಿಎನ್ಎಯನ್ನೂ ಔಷಧಿ ಪ್ರತಿರೋಧವನ್ನೂ ಯಂತ್ರದಲ್ಲಿ ಪತ್ತೆಹಚ್ಚುವ ಸಿಬಿನ್ಯಾಟ್ ಮತ್ತು ಕಲ್ಚರ್‌ಗೂ ಕಳಿಸಲಾಯಿತು.

ಫಲಿತಾಂಶಗಳು ಒಂದೇ ಸ್ವರದಲ್ಲಿ ಬರಲಿಲ್ಲ. ಒಳಪೊರೆಯ ಸಿಬಿನ್ಯಾಟ್ ನೆಗೆಟಿವ್. ಹೊಟ್ಟೆಯೊಳಗಿನ ಗಂಟಿನ ತುಣುಕಿನಲ್ಲಿ ಸಿಬಿನ್ಯಾಟ್ ರೋಗಾಣುವನ್ನು ಪತ್ತೆ ಮಾಡಿತು. ಕ್ಷಯದ ಮುಖ್ಯ ಔಷಧಿಯಾದ ರಿಫಾಂಪಿಸಿನ್‌ಗೆ ಪ್ರತಿರೋಧವಿಲ್ಲ ಎಂದಿತು. ಸೂಕ್ಷ್ಮದರ್ಶಕದಲ್ಲಿ ಕ್ಷಯದ ಲಕ್ಷಣವಿರುವ ಗ್ರಾನ್ಯುಲೋಮಾಗಳು, ಅಂದರೆ ಉರಿಯೂತದ ಜೀವಕೋಶಗಳ ಪುಟ್ಟ ಗಂಟುಗಳು, ಕಂಡವು. ಒಳಪೊರೆಯನ್ನಷ್ಟೇ ನೋಡಿ ನಿಲ್ಲಿಸಿದ್ದರೆ ರೋಗವೇ ಇಲ್ಲವೆಂದು ಬರೆದು ಕಳಿಸಿಬಿಡುತ್ತಿದ್ದೆವು. ಕಲ್ಚರ್‌ನಲ್ಲಿ ಆರನೆಯ ವಾರಕ್ಕೆ ರೋಗಾಣು ಬೆಳೆದು, ಇನ್ನೊಂದು ಮುಖ್ಯ ಔಷಧಿಯಾದ ಐಸೋನಿಯಜಿಡ್ ಕೂಡ ಅದಕ್ಕೆ ನಾಟುತ್ತದೆಂದು ಖಚಿತವಾಯಿತು. ಅಷ್ಟು ದಿನ ಕಾಯದೆ, ಸಿಬಿನ್ಯಾಟ್ ವರದಿ ಬಂದ ವಾರದಲ್ಲೇ ಕ್ಷಯ ರೋಗಿಗಳ ಸರ್ಕಾರಿ ದಾಖಲಾತಿಯಾದ ನಿಕ್ಷಯ್ ಪೋರ್ಟಲ್‌ನಲ್ಲಿ ನೋಂದಾಯಿಸಿ ಚಿಕಿತ್ಸೆ ಆರಂಭಿಸಲಾಗಿತ್ತು.

ಚಿಕಿತ್ಸೆಯ ಆರು ತಿಂಗಳು

ತೂಕಕ್ಕೆ ತಕ್ಕಂತೆ ದಿನಕ್ಕೆ ಮೂರು ಸಂಯುಕ್ತ ಮಾತ್ರೆಗಳು: ಮೊದಲ ಎರಡು ತಿಂಗಳು ಐಸೋನಿಯಜಿಡ್, ರಿಫಾಂಪಿಸಿನ್, ಪೈರಜಿನಮೈಡ್, ಎಥಾಂಬುಟಾಲ್ ನಾಲ್ಕೂ, ನಂತರದ ನಾಲ್ಕು ತಿಂಗಳು ಪೈರಜಿನಮೈಡ್ ಬಿಟ್ಟು ಉಳಿದ ಮೂರು. ಜೊತೆಗೆ ನರಗಳಿಗೆ ತೊಂದರೆಯಾಗದಂತೆ ಪಿರಿಡಾಕ್ಸಿನ್ ಎಂಬ ವಿಟಮಿನ್. ಮೂರನೆಯ ವಾರದಲ್ಲಿ ವಾಕರಿಕೆ ಶುರುವಾಗಿ ಯಕೃತ್ತಿನ ಕಿಣ್ವಗಳು ಎರಡು ಪಟ್ಟು ಏರಿದ್ದವು. ಕಾಮಾಲೆ ಇರಲಿಲ್ಲ, ಕಿಣ್ವಗಳು ನಿಲ್ಲಿಸುವ ಮಟ್ಟಕ್ಕೂ ಏರಿರಲಿಲ್ಲವಾದ್ದರಿಂದ ಮಾತ್ರೆ ಮುಂದುವರಿಸಿ ಮತ್ತೆ ಮತ್ತೆ ರಕ್ತ ನೋಡಿದೆವು, ತಾನಾಗಿ ಇಳಿಯಿತು.

ಔಷಧಿಗಿಂತ ಮನೆಯ ವಿಚಾರವೇ ಹೆಚ್ಚು ಮಾತು ಬೇಡಿತು. ವಿಷಯ ತಿಳಿದ ದಿನವೇ ಅತ್ತೆ ತಟ್ಟೆ ಲೋಟ ಬೇರೆ ಮಾಡಿದರು, ಓರಗಿತ್ತಿಯ ಮಗುವನ್ನು ಎತ್ತಿಕೊಳ್ಳಬಾರದೆಂದರು. ಎದೆಯ ಎಕ್ಸ್‌ರೇಯಲ್ಲಿ ಹಿಂದೆ ನೀರು ತುಂಬಿದ್ದ ಕಡೆ ಶ್ವಾಸಕೋಶದ ಪೊರೆ ದಪ್ಪಗಾಗಿದ್ದುದನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ಕಫವಿಲ್ಲದ, ಗರ್ಭಕೋಶದಲ್ಲಿ ಕೂತ ಕ್ಷಯ ಗಾಳಿಯಲ್ಲಾಗಲಿ ಊಟದಲ್ಲಾಗಲಿ ಹರಡುವುದಿಲ್ಲ. ಇದನ್ನು ಆಶಾ ಕಾರ್ಯಕರ್ತೆ ಮನೆಗೇ ಹೋಗಿ, ಆ ಮಗುವನ್ನು ಪವಿತ್ರ ಅವರ ತೊಡೆಯ ಮೇಲೆ ಕೂರಿಸಿ ಹೇಳಿದ ಮೇಲೆ ತಟ್ಟೆಗಳು ಮತ್ತೆ ಒಂದಾದವು.

ಇನ್ನೊಂದು ಗಂಟು ಬಿದ್ದದ್ದು ಕಾಂಡೋಮ್ ವಿಷಯದಲ್ಲಿ. ಚಿಕಿತ್ಸೆ ಮುಗಿಯುವವರೆಗೆ ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು, ಗರ್ಭನಿರೋಧಕ ಗುಳಿಗೆಯ ಶಕ್ತಿಯನ್ನು ರಿಫಾಂಪಿಸಿನ್ ಕುಂದಿಸುವುದರಿಂದ ಕಾಂಡೋಮ್ ಬಳಸಬೇಕು ಎಂದಾಗ, ‘ಮಗ ಆಗ್ಲಿ ಅಂತ ಬಂದ್ರೆ ಆಗ್ದೆ ಇರೋದಕ್ಕೆ ಕೊಡ್ತೀರಲ್ಲ, ಇದ್ಯಾವ ನ್ಯಾಯ ಡಾಕ್ಟ್ರೇ’ ಎಂದು ಅತ್ತೆ ಕೇಳಿದರು. ಆ ಪ್ರಶ್ನೆ ನ್ಯಾಯವಾದದ್ದೇ. ಅರೆಮುಚ್ಚಿದ, ಉರಿಯೂತವಿರುವ ನಾಳದಲ್ಲಿ ಗರ್ಭ ಅಲ್ಲಿಯೇ ಸಿಕ್ಕಿಕೊಂಡರೆ ನಾಳ ಒಡೆದು ಜೀವಕ್ಕೇ ಎರವಾಗಬಹುದೆಂದು ಚಿತ್ರ ಬರೆದು ತೋರಿಸಿದ ಮೇಲೆ ಅವರು ಹೆಚ್ಚು ಮಾತಾಡಲಿಲ್ಲ.

ಹದಿನೇಳರ ವಯಸ್ಸಿನ ಕಥೆಯನ್ನು ಗಂಡನಿಗೆ ಹೇಳಬೇಕೇ ಎಂಬ ಬಗ್ಗೆ ತಂಡದಲ್ಲಿ ಚರ್ಚೆಯಾಯಿತು. ಕ್ಷಯವನ್ನು ಸರ್ಕಾರಕ್ಕೆ ವರದಿ ಮಾಡುವುದು 2012ರಿಂದ ಕಡ್ಡಾಯ. ಆದರೆ ರೋಗಿಯ ಹಳೆಯ ಚರಿತ್ರೆಯನ್ನು ಮನೆಯವರಿಗೆ ಹೇಳುವುದು ನಮ್ಮ ಹಕ್ಕಲ್ಲ. ಮೂರನೆಯ ತಿಂಗಳಲ್ಲಿ ಆಕೆಯೇ ಗಂಡನಿಗೆ ಹೇಳಿದರು. ಅತ್ತೆಗೆ ಈಗಲೂ ಗೊತ್ತಿಲ್ಲ. ಪೌಷ್ಟಿಕ ಆಹಾರಕ್ಕೆಂದು ನಿಕ್ಷಯ್ ಪೋಷಣ್ ಯೋಜನೆಯಡಿ ಆಗ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು. 2024ರ ನವೆಂಬರಿನಿಂದ ಅದು 1000 ಆಗಿದೆ. ಇಎಸ್‌ಐನಲ್ಲಿ ಕ್ಷಯಕ್ಕೆ ದೀರ್ಘಾವಧಿಯ ಭತ್ಯೆ ಇದ್ದರೂ, ಕಾರ್ಖಾನೆಗೆ ರೋಗದ ಹೆಸರು ತಿಳಿಯುತ್ತದೆಂದು ಆಕೆ ಅರ್ಜಿ ಹಾಕಲಿಲ್ಲ.

ರೋಗ ವಾಸಿಯಾದ ಮೇಲೆ

ಆರು ತಿಂಗಳಿಗೆ ತೂಕ 46 ಕಿಲೋಗೆ ಏರಿತು, ಮುಟ್ಟು ಮೂರು ದಿನಕ್ಕೆ ಬಂತು. ಮನೆಯಲ್ಲಿ ಎಲ್ಲರೂ ಇನ್ನು ಮಗು ಆಗುವುದೊಂದೇ ಬಾಕಿ ಎಂದುಕೊಂಡರು. ಚಿಕಿತ್ಸೆ ಆರಂಭಿಸುವ ದಿನವೇ ನಾವು ದಂಪತಿಗೆ ಹೇಳಿದ್ದ ಮಾತನ್ನು ಮತ್ತೆ ಹೇಳಬೇಕಾಯಿತು: ಮಾತ್ರೆ ರೋಗಾಣುವನ್ನು ಕೊಲ್ಲುತ್ತದೆ, ಗಾಯದ ಕಲೆಯಾಗಿ ಮುಚ್ಚಿಹೋದ ನಾಳವನ್ನು ತೆರೆಯುವುದಿಲ್ಲ. ಗರ್ಭಕೋಶದೊಳಗೆ ಕ್ಯಾಮೆರಾ ಹಾಯಿಸಿ ನೋಡುವ ಹಿಸ್ಟಿರೊಸ್ಕೋಪಿಯಲ್ಲಿ ಒಂದು ಬದಿಯಲ್ಲಿ ತೆಳುವಾದ ಅಂಟುಗಳಿದ್ದವು, ಅವನ್ನು ಬಿಡಿಸಲಾಯಿತು. ಒಳಪೊರೆ ಚೆನ್ನಾಗಿ ಬೆಳೆಯುತ್ತಿತ್ತು. ನಾಳಗಳು ಮಾತ್ರ ಹಾಗೆಯೇ ಇದ್ದವು.

ಅಷ್ಟರಲ್ಲಿ ಬೇರೆ ಊರಿನ ಆಸ್ಪತ್ರೆಯೊಂದರಲ್ಲಿ ‘ಟ್ಯೂಬ್ ಬಿಡಿಸುವ ಆಪರೇಷನ್’ ಮಾಡುತ್ತಾರೆಂದು ಯಾರೋ ಹೇಳಿ, ಗಂಡ ಮುಂಗಡ ಕೊಡಲು ಹೊರಟಿದ್ದರು. ಕ್ಷಯದಿಂದ ಹಾಳಾದ ನಾಳಗಳ ಮೇಲೆ ಆ ಶಸ್ತ್ರಚಿಕಿತ್ಸೆ ಫಲಿಸುವುದು ಅಪರೂಪ. ಫಲಿಸಿದಂತೆ ಕಂಡರೂ ಗರ್ಭ ನಾಳದಲ್ಲೇ ನಿಲ್ಲುವ ಅಪಾಯ ಹೆಚ್ಚು. ಅವರನ್ನು ಅಲ್ಲಿಂದ ತಡೆದದ್ದು ಇಡೀ ಪ್ರಕರಣದಲ್ಲಿ ನಾವು ಕೊಟ್ಟ ಅತ್ಯಂತ ಉಪಯುಕ್ತ ಸಲಹೆ ಎಂದು ಭಾವಿಸುತ್ತೇವೆ. ಉಳಿದ ದಾರಿ ಐವಿಎಫ್, ಅಂದರೆ ಪ್ರಯೋಗಾಲಯದಲ್ಲಿ ಭ್ರೂಣ ಬೆಳೆಸಿ ಗರ್ಭಕೋಶಕ್ಕೆ ಸೇರಿಸುವ ವಿಧಾನ, ಅಥವಾ ದತ್ತು. ಎರಡನ್ನೂ ಸಮನಾಗಿ ವಿವರಿಸಿದೆವು. ಅವರು ಒಂದು ವರ್ಷ ಯೋಚಿಸಿ, ಆಕೆಯ ಪಿಎಫ್ ಹಣ ಮತ್ತು ಕಬ್ಬಿನ ಬಿಲ್ಲು ಕೈಗೆ ಬಂದ ಮೇಲೆ ಐವಿಎಫ್ ಆರಿಸಿಕೊಂಡರು. ಊದಿದ ಬಲನಾಳದ ನೀರು ಗರ್ಭಕೋಶಕ್ಕೆ ಇಳಿದು ಭ್ರೂಣ ಕಚ್ಚಿಕೊಳ್ಳದಂತೆ ಮಾಡುವುದರಿಂದ ಅದನ್ನು ಮೊದಲೇ ತೆಗೆಯಲಾಯಿತು. ಮೊದಲ ಭ್ರೂಣ ವರ್ಗಾವಣೆ ವಿಫಲವಾಯಿತು; ಎರಡನೆಯದರಲ್ಲಿ ಗರ್ಭ ನಿಂತಿತು.

ಗರ್ಭಿಣಿಯ ಕೆಮ್ಮು

ಐದನೆಯ ತಿಂಗಳು ತುಂಬುವ ಹೊತ್ತಿಗೆ ಎರಡು ವಾರ ದಾಟಿದ ಕೆಮ್ಮು ಕಾಣಿಸಿತು, ಆ ತಿಂಗಳು ತೂಕವೂ ಏರಲಿಲ್ಲ. ಗರ್ಭಿಣಿಯ ಆಯಾಸ, ಊಟ ಸೇರದಿರುವುದು, ತೂಕದ ಏರುಪೇರು ಇವೆಲ್ಲ ಕ್ಷಯದ ಲಕ್ಷಣಗಳನ್ನು ಸುಲಭವಾಗಿ ಮರೆಮಾಡುತ್ತವೆ. ತಾಯಿ ಕಾರ್ಡ್‌ನಲ್ಲಿ ಹಳೆಯ ಚಿಕಿತ್ಸೆಯನ್ನು ಬರೆಸಿದ್ದರಿಂದ ಆಶಾ ಕಾರ್ಯಕರ್ತೆ ತಡಮಾಡದೆ ಕಳಿಸಿಕೊಟ್ಟರು. ಕಫದ ಸಿಬಿನ್ಯಾಟ್ ನೆಗೆಟಿವ್ ಬಂತು. ಎಕ್ಸ್‌ರೇ ಬೇಡವೆಂದು ಮನೆಯವರು ಹಟ ಹಿಡಿದರು. ಹೊಟ್ಟೆಗೆ ಸೀಸದ ಹೊದಿಕೆ ಹಾಕಿ ತೆಗೆಯುವ ಎದೆಯ ಎಕ್ಸ್‌ರೇಯಿಂದ ಮಗುವಿಗೆ ತಗಲುವ ವಿಕಿರಣ ಅತ್ಯಲ್ಪವೆಂದು ತಿಳಿಸಿ ತೆಗೆಸಿದೆವು. ಹಳೆಯ ಕಲೆಯಷ್ಟೇ ಇತ್ತು. ಮನೆಯ ಹಿಂದಿನ ಆಲೆಮನೆಯ ಒಲೆ ಆರಿದ ಮೇಲೆ ಕೆಮ್ಮೂ ಹೋಯಿತು.

ಕಫ ಪಾಸಿಟಿವ್ ಬಂದಿದ್ದರೂ ಚಿಕಿತ್ಸೆಯನ್ನು ಹೆರಿಗೆಯವರೆಗೆ ಮುಂದೂಡುತ್ತಿರಲಿಲ್ಲ. ಆ ನಾಲ್ಕು ಔಷಧಿಗಳನ್ನೂ ಗರ್ಭಿಣಿಯರಿಗೆ ಕೊಡಬಹುದು. ಮಗುವಿನ ಕಿವಿಗೆ ಹಾನಿ ಮಾಡುವ ಸ್ಟ್ರೆಪ್ಟೊಮೈಸಿನ್ ಮಾತ್ರ ಸಲ್ಲದು. ಚಿಕಿತ್ಸೆ ಪಡೆಯದ ಕ್ಷಯವೇ ತಾಯಿಗೂ ಮಗುವಿಗೂ ಹೆಚ್ಚು ಅಪಾಯಕಾರಿ.

ಗರ್ಭಕೋಶದ ಅಂಟು ಬಿಡಿಸಿದವರಲ್ಲಿ ಮಾಸು ಆಳವಾಗಿ ಕಚ್ಚಿಕೊಳ್ಳಬಹುದಾದ್ದರಿಂದ, ರಕ್ತ ಸಿದ್ಧವಿಟ್ಟುಕೊಂಡು ಮೈಸೂರಿನ ದೊಡ್ಡ ಆಸ್ಪತ್ರೆಯಲ್ಲಿ 37ನೇ ವಾರಕ್ಕೆ ಸಿಸೇರಿಯನ್ ಮಾಡಿದರು. ಮಾಸು ಸ್ವಲ್ಪ ಕಷ್ಟಪಟ್ಟು ಬಂತು. ಅದನ್ನೂ ಪರೀಕ್ಷೆಗೆ ಕಳಿಸಿದಾಗ ಕ್ಷಯದ ಗುರುತು ಸಿಗಲಿಲ್ಲ. 2.5 ಕಿಲೋ ತೂಕದ ಹೆಣ್ಣುಮಗುವಿಗೆ ಹುಟ್ಟಿದಾಗಲೇ ಬಿಸಿಜಿ ಹಾಕಲಾಯಿತು, ಎದೆಹಾಲಿಗೆ ಅಡ್ಡಿಯಿರಲಿಲ್ಲ.

ಆನಂತರ ನಮ್ಮಲ್ಲಿ ಬದಲಾದದ್ದು

ಮಕ್ಕಳಾಗಲಿಲ್ಲವೆಂದು ಬರುವ ಹೆಣ್ಣುಮಕ್ಕಳ ಪೂರ್ವಚರಿತ್ರೆಯನ್ನು ಈಗ ಎರಡು ಸಲ ಕೇಳುತ್ತೇವೆ, ಎರಡನೆಯ ಸಲ ಜೊತೆಯವರಿಲ್ಲದೆ. ರೋಗದ ಹೆಸರನ್ನಲ್ಲ, ಗಡ್ಡೆ, ಪಕ್ಕೆಯ ನೀರು, ಕೆಂಪು ಮೂತ್ರ ತರಿಸುವ ಮಾತ್ರೆ ಇವುಗಳನ್ನು ಕೇಳುತ್ತೇವೆ. ಮುಟ್ಟು ಕಡಿಮೆಯಾದದ್ದನ್ನು ಆಕೆಯಾಗಿ ಹೇಳಲೆಂದು ಕಾಯುವುದಿಲ್ಲ. ಗಂಡನ ವೀರ್ಯ ಪರೀಕ್ಷೆ ಆಗುವ ಮುನ್ನ ಹೆಂಡತಿಗೆ ಅಂಡಾಣುವಿನ ಮಾತ್ರೆ ಬರೆಯುವುದಿಲ್ಲ. ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಫಾರ್ಮಲಿನ್ ಬಾಟಲಿಯ ಪಕ್ಕದಲ್ಲಿ ಸಲೈನ್ ಬಾಟಲಿಯೂ ಮೊದಲೇ ಚೀಟಿ ಅಂಟಿಸಿಕೊಂಡು ಕಾದಿರುತ್ತದೆ. ಇಷ್ಟು ಅಗ್ಗದ ಬದಲಾವಣೆ ಎಲ್ಲ ಆಸ್ಪತ್ರೆಗಳಲ್ಲೂ ಏಕೆ ಆಗಿಲ್ಲವೆಂಬುದು ನಮಗೆ ಅರ್ಥವಾಗಿಲ್ಲ.

ಪವಿತ್ರ ಅವರನ್ನು ಹೆರಿಗೆಯ ನಂತರವೂ ಆಗಾಗ ಕರೆಸಿ ನೋಡುತ್ತಿದ್ದೇವೆ, ಏಕೆಂದರೆ ಬಾಣಂತನದ ತಿಂಗಳುಗಳಲ್ಲಿ ಕ್ಷಯ ಮರುಕಳಿಸುವ ಅಥವಾ ಹೊಸದಾಗಿ ಕಾಣಿಸಿಕೊಳ್ಳುವ ಸಂಭವ ಹೆಚ್ಚು. ಈವರೆಗೆ ಯಾವ ಲಕ್ಷಣವೂ ಇಲ್ಲ. ಶೈತ್ಯೀಕರಿಸಿಟ್ಟ ಎರಡು ಭ್ರೂಣಗಳು ಉಳಿದಿವೆ. ಕಾನೂನಿನ ಪ್ರಕಾರ ಅವನ್ನು ಹತ್ತು ವರ್ಷದವರೆಗೆ ಇಡಬಹುದು. ಇನ್ನೊಂದು ಮಗು ಬೇಕೆಂದರೆ ಸಿಸೇರಿಯನ್ ಗಾಯ ಮಾಗಲು ಒಂದೂವರೆ ವರ್ಷವಾದರೂ ಬಿಟ್ಟು, ಮತ್ತೊಮ್ಮೆ ಗರ್ಭಕೋಶದ ಒಳಗನ್ನು ನೋಡಿ ಮುಂದುವರಿಯಬೇಕೆಂದು ತಿಳಿಸಿದ್ದೇವೆ. ಅತ್ತೆ ಬೇಕೆನ್ನುತ್ತಾರೆ, ಗಂಡ ಸಾಕೆನ್ನುತ್ತಾರೆ, ಪವಿತ್ರ ಇನ್ನೂ ತೀರ್ಮಾನಿಸಿಲ್ಲ.